ಒತ್ತು ಶ್ಯಾವಿಗೆ: ಮೂರನೇ ಉಂಡೆಗೆ ಒರಳಿನ ಹಿಡಿ ತಿರುಗುವುದೇ ಇಲ್ಲ, ಏನು ಮಾಡಲಿ?

ಕುವೆಂಪುನಗರದವ:

ಎಲ್ಲರಿಗೂ ನಮಸ್ಕಾರ. ಭಾನುವಾರದ ತಿಂಡಿಗೆ ಮನೆಯಲ್ಲೇ ಒತ್ತು ಶ್ಯಾವಿಗೆ ಮಾಡಬೇಕು ಅಂತ ಹಟ ಹಿಡಿದಿದ್ದೇನೆ. ಇಡ್ಲಿ, ದೋಸೆ, ಅಕ್ಕಿ ರೊಟ್ಟಿ ಎಲ್ಲ ಕೈಗೆ ಹತ್ತಿವೆ. ಇದೊಂದು ಮಾತ್ರ ಒಲಿಯುತ್ತಿಲ್ಲ.

ಅಮ್ಮ ಸಕಲೇಶಪುರದ ಕಡೆಯವರು. ಊರಿನ ಮನೆಯಲ್ಲಿ ಮರದ ದೊಡ್ಡ ಶ್ಯಾವಿಗೆ ಒರಳಿದೆ. ಉದ್ದನೆಯ ಹಿಡಿ, ಅದಕ್ಕೆ ಒಬ್ಬರು ಜೋತುಬಿದ್ದರೆ ಕೆಳಗೆ ಇನ್ನೊಬ್ಬರು ತಟ್ಟೆ ಹಿಡಿಯಬೇಕು. ಅದನ್ನು ಮೈಸೂರಿನ ಮೂರನೇ ಮಹಡಿಯ ಮನೆಗೆ ತರುವ ಮಾತೇ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಅಳತೆ ಕೇಳಿದರೆ ‘ಹದ ನೋಡ್ಕೊಂಡು ಮಾಡು’ ಅನ್ನುತ್ತಾರೆ. ಹದ ಗೊತ್ತಿದ್ದರೆ ಫೋನ್ ಯಾಕೆ ಮಾಡುತ್ತಿದ್ದೆ?

ನನ್ನ ಹತ್ತಿರ ಇರುವುದು ಹಿತ್ತಾಳೆಯ ಚಕ್ಕುಲಿ ಒರಳು, ಮೇಲೆ ತಿರುಪಿನ ಹಿಡಿ ಇರುವಂಥದ್ದು. ಸಣ್ಣ ತೂತಿನ ಶ್ಯಾವಿಗೆ ಬಿಲ್ಲೆ ಅದರ ಜೊತೆಗೇ ಬಂದಿತ್ತು.

ನಾನು ಮಾಡುವ ಕ್ರಮ ಹೀಗಿದೆ. ಎರಡು ಲೋಟ ಸೋನಾ ಮಸೂರಿ ಅಕ್ಕಿ, ಊಟಕ್ಕೆ ಬಳಸುವುದೇ. ರಾತ್ರಿ ನೆನೆಹಾಕಿ ಬೆಳಿಗ್ಗೆ ಮಿಕ್ಸಿಯಲ್ಲಿ ಗಟ್ಟಿಯಾಗಿ ರುಬ್ಬುತ್ತೇನೆ. ಉಪ್ಪು ಹಾಕಿ ಬಾಣಲೆಯಲ್ಲಿ ಮಗುಚಿ, ಮುದ್ದೆಯಾಗುತ್ತಿದ್ದಂತೆ ಇಳಿಸುತ್ತೇನೆ. ಕಿತ್ತಳೆ ಹಣ್ಣಿನ ಗಾತ್ರದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸುತ್ತೇನೆ. ಎಲ್ಲ ಉಂಡೆಗಳನ್ನೂ ಒಂದು ತಟ್ಟೆಗೆ ತೆಗೆದಿಟ್ಟುಕೊಂಡು ಒಂದೊಂದಾಗಿ ಒರಳಿಗೆ ತುಂಬುತ್ತೇನೆ.

ಮೊದಲನೆಯದು ಹೇಗೋ ಇಳಿಯುತ್ತದೆ. ಎರಡನೆಯದಕ್ಕೆ ಭುಜ ನೋಯುತ್ತದೆ. ಮೂರನೆಯದಕ್ಕೆ ಹಿಡಿ ಅಲ್ಲಾಡುವುದಿಲ್ಲ, ಹಿಟ್ಟು ಕೆಳಗೆ ಬರುವ ಬದಲು ಪಕ್ಕದಿಂದ ಮೇಲಕ್ಕೆ ಉಕ್ಕುತ್ತದೆ. ಇಳಿದ ಎಳೆಯೂ ಉದ್ದ ನಿಲ್ಲುವುದಿಲ್ಲ, ತುಂಡು ತುಂಡು. ಉಂಡೆ ಮುರಿದು ನೋಡಿದರೆ ನಡುವೆ ಬೆಳ್ಳಗೆ ಪುಡಿ ಪುಡಿ ಇರುತ್ತದೆ.

ಮನೆಯಲ್ಲಿ ಮಾತು ಬೇರೆ ಕೇಳಬೇಕು. ನನ್ನವಳು ಬಳ್ಳಾರಿ ಕಡೆಯವಳು. ಅವಳ ಪಾಲಿಗೆ ಶ್ಯಾವಿಗೆ ಅಂದರೆ ಗೋಧಿಯದು, ಬಿಸಿಲಲ್ಲಿ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟದ್ದು, ಬೇಕಾದಾಗ ಪಾಯಸವೋ ಉಪ್ಪಿಟ್ಟೋ ಮಾಡುವಂಥದ್ದು. ‘ಬೆಳಿಗ್ಗೆ ಬೆಳಿಗ್ಗೆ ಇಷ್ಟು ಕುಸ್ತಿ ಮಾಡಿ ತಿನ್ನೋದು ಏನಿದೆ ಇದರಲ್ಲಿ’ ಅನ್ನುತ್ತಾಳೆ. ಅವಳಿಗೆ ಒಂದು ಸಲ ಸರಿಯಾದದ್ದನ್ನು ತಿನ್ನಿಸಬೇಕು.

ಯಾವ ಅಕ್ಕಿ, ಎಷ್ಟು ಹೊತ್ತು ಬೇಯಿಸಬೇಕು, ಒಬ್ಬನೇ ಮಾಡಿಕೊಳ್ಳಲು ಆಗುತ್ತದಾ, ಜೊತೆಗೆ ಕಾಯಿಹಾಲು ಮಾಡುವ ಬಗೆ, ತಿಳಿದವರು ಹೇಳಿ.

ಏಳರ ಬಸ್ಸು:

ಸುಮ್ನೆ ಯಾಕೆ ಕಷ್ಟ ಸರ್. ಒಣ ಅಕ್ಕಿ ಶ್ಯಾವಿಗೆ ಪ್ಯಾಕೆಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕುದಿಯುವ ನೀರಿಗೆ ಹಾಕಿ ಮೆತ್ತಗಾದ ಮೇಲೆ ಬಸಿದು ಒಗ್ಗರಣೆ ಕೊಟ್ಟರೆ ಕಾಲು ಗಂಟೆಯಲ್ಲಿ ತಿಂಡಿ ರೆಡಿ. ನಾನು ಡ್ಯೂಟಿಗೆ ಹೋಗುವ ದಿನ ಅದೇ.

ತುಂಗೆಯ ದಂಡೆ:

ಪ್ಯಾಕೆಟ್ಟಿನದು ಚಿತ್ರಾನ್ನಕ್ಕೆ ಆಗುತ್ತದೆ, ಒಪ್ಪಿದೆ. ಕಾಯಿಹಾಲಿಗೆ ಆಗುವುದಿಲ್ಲ. ಹಾಲು ಹೀರುವುದಿಲ್ಲ ಅದು, ಬಟ್ಟಲಲ್ಲಿ ಹಾಲು ಒಂದು ಕಡೆ, ಶ್ಯಾವಿಗೆ ಒಂದು ಕಡೆ. ಇವರು ಕೇಳಿದ್ದು ಬೇರೆ.

ನಾನು ತೀರ್ಥಹಳ್ಳಿ ಕಡೆಯವಳು, ಈಗ ಶಿವಮೊಗ್ಗದಲ್ಲಿದ್ದೇನೆ. ನೆಂಟರು ಬಂದರೆ ಶ್ಯಾವಿಗೆ, ಅಳಿಯ ಬಂದರೆ ಶ್ಯಾವಿಗೆ, ಮಳೆ ಜೋರಾಗಿ ತೋಟದ ಕೆಲಸ ನಿಂತರೂ ಶ್ಯಾವಿಗೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಿಮ್ಮ ಒರಳಿನದು ಏನೂ ತಪ್ಪಿಲ್ಲ. ಉಂಡೆ ಆರಿದೆ, ಅಷ್ಟೇ. ಬೆಂದ ಅಕ್ಕಿ ಹಿಟ್ಟು ಬಿಸಿಯಿರುವಾಗ ಮೆತ್ತಗಿರುತ್ತದೆ, ಹೇಳಿದ ಹಾಗೆ ಕೇಳುತ್ತದೆ. ಆರುತ್ತಾ ಬಂದ ಹಾಗೆ ಅದರೊಳಗಿನ ಪಿಷ್ಟ ಬಿಗಿದುಕೊಳ್ಳುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆ ಗಟ್ಟಿಯಾಗುವುದೂ ಇದರಿಂದಲೇ. ನೀವು ಎಲ್ಲ ಉಂಡೆಗಳನ್ನೂ ತಟ್ಟೆಗೆ ತೆಗೆದಿಟ್ಟುಕೊಂಡಿದ್ದೀರಿ. ಮೊದಲನೆಯದನ್ನು ಒತ್ತುವಷ್ಟರಲ್ಲಿ ಮೂರನೆಯದು ಆರಿ ಕೂತಿರುತ್ತದೆ. ಭೀಮ ಬಂದರೂ ಇಳಿಯುವುದಿಲ್ಲ. ಉಂಡೆಗಳು ಇಡ್ಲಿ ಪಾತ್ರೆಯಲ್ಲೇ ಇರಲಿ, ಒಲೆ ಸಣ್ಣಗೆ ಉರಿಯುತ್ತಲೇ ಇರಲಿ, ಮುಚ್ಚಳ ಹಾಕಿರಲಿ. ಒಂದು ತೆಗೆಯಿರಿ, ಒತ್ತಿರಿ, ಮತ್ತೆ ಮುಚ್ಚಳ ತೆಗೆಯಿರಿ. ಹಿತ್ತಾಳೆ ಒರಳು ತಣ್ಣಗಿದ್ದರೆ ಅದೂ ಬಿಸಿ ಎಳೆದುಕೊಳ್ಳುತ್ತದೆ. ಮೊದಲ ಉಂಡೆ ಹಾಕುವ ಮುಂಚೆ ಒರಳಿಗೆ ಕುದಿಯುವ ನೀರು ಹುಯ್ದು, ಚೆಲ್ಲಿ, ಒರೆಸಿ, ಒಳಗೆ ಎಣ್ಣೆ ಸವರಿ.

ಈಗ ಆ ಬಿಳಿ ಪುಡಿಯ ವಿಷಯ. ನಡುವೆ ಹಿಟ್ಟು ಬೆಂದಿಲ್ಲ. ಎಳೆ ತುಂಡಾಗುವುದು ಅದಕ್ಕೇ. ಗಟ್ಟಿಯಾಗಿ ರುಬ್ಬಿದರೆ ಬಾಣಲೆಯಲ್ಲಿ ಬೇಯಲು ನೀರೇ ಸಾಲುವುದಿಲ್ಲ, ಬೇಗ ಮುದ್ದೆಯಾಗಿ ಮೋಸ ಮಾಡುತ್ತದೆ. ನುಣ್ಣಗೆ ರುಬ್ಬಿ, ಕೈಗೆ ತರಿ ಸಿಗಬಾರದು. ಆಮೇಲೆ ನೀರು ಸೇರಿಸಿ ದೋಸೆ ಹಿಟ್ಟಿಗಿಂತ ತೆಳ್ಳಗೆ, ನೀರ್ ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿಕೊಳ್ಳಿ. ದಪ್ಪ ತಳದ ಬಾಣಲೆಗೆ ಹಾಕಿ, ಉಪ್ಪು, ಎರಡು ಚಮಚ ಕೊಬ್ಬರಿ ಎಣ್ಣೆ. ಸಣ್ಣ ಉರಿಯಲ್ಲಿ ಮರದ ಸಟ್ಟುಗದಿಂದ ಬಿಡದೆ ಮಗುಚಬೇಕು. ಮೊದಲು ಗಂಟು ಗಂಟಾಗಿ ಹೆದರಿಸುತ್ತದೆ. ಬಿಡಬೇಡಿ, ಗಂಟು ಒಡೆದುಕೊಳ್ಳುತ್ತದೆ. ತಳ ಬಿಟ್ಟು ಒಂದೇ ಮುದ್ದೆಯಾಗಿ, ಬಿಳಿ ಬಣ್ಣ ಹೋಗಿ ಸ್ವಲ್ಪ ಮಿಂಚು ಬರಬೇಕು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ನಿಮ್ಮ ಅಮ್ಮ ಹದ ಅನ್ನುವುದು ಇದನ್ನೇ ಇರಬೇಕು.

ಉಂಡೆ ಅಷ್ಟು ದೊಡ್ಡದು ಬೇಡ. ಗುಂಡಗೂ ಬೇಡ. ನಿಮ್ಮ ಒರಳಿನ ಹೊಟ್ಟೆ ಎಷ್ಟು ಅಗಲವಿದೆಯೋ ಅದಕ್ಕಿಂತ ಒಂದು ಚೂರು ಸಣ್ಣಗೆ, ಉದ್ದಕ್ಕೆ ಕಟ್ಟಿ. ಒಳಗೆ ಸಲೀಸಾಗಿ ಜಾರಬೇಕು. ಹದಿನೈದರಿಂದ ಇಪ್ಪತ್ತು ನಿಮಿಷ ಒಳ್ಳೆ ಹಬೆಯಲ್ಲಿ ಬೇಯಲಿ. ಒಂದನ್ನು ಮುರಿದು ನೋಡಿ, ಒಳಗೂ ಹೊರಗೂ ಒಂದೇ ಬಣ್ಣ ಇದ್ದರೆ ಸರಿ. ಹಾಸನದ ಕಡೆ ಕೆಲವರು ಉಂಡೆಯನ್ನು ಕುದಿಯುವ ನೀರಿಗೇ ಬಿಡುತ್ತಾರೆ. ಬೆಂದಾಗ ಮೇಲೆ ತೇಲುತ್ತದೆ, ತೇಲಿದ ಮೇಲೂ ಸ್ವಲ್ಪ ಹೊತ್ತು ಬಿಡಬೇಕು. ಅದೂ ಒಳ್ಳೆಯದೇ, ಆದರೆ ಮುದ್ದೆ ಸಡಿಲವಿದ್ದರೆ ನೀರಲ್ಲೇ ಗಂಜಿಯಾಗುತ್ತದೆ. ನೀವು ಸದ್ಯಕ್ಕೆ ಹಬೆಯಲ್ಲೇ ಮಾಡಿ.

ಅಕ್ಕಿ ಹಳೆಯದಾಗಿರಬೇಕು. ಹೊಸ ಅಕ್ಕಿಯಲ್ಲಿ ಅಂಟು ಜಾಸ್ತಿ, ಎಳೆಗಳು ಬಿಡಿಬಿಡಿಯಾಗದೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಅಂಗಡಿಯಲ್ಲಿ ದೋಸೆ ಅಕ್ಕಿ ಅಂತ ಕೇಳಿ, ಸಾಕು. ದುಬಾರಿ ಅಕ್ಕಿಗೆ ದುಡ್ಡು ಸುರಿಯಬೇಡಿ. ರುಬ್ಬುವಾಗ ಎರಡು ಲೋಟಕ್ಕೆ ಒಂದು ಹಿಡಿ ಹಸಿ ಕಾಯಿತುರಿ ಹಾಕಿದರೆ ಎಳೆ ಮೃದುವಾಗುತ್ತದೆ. ಮಧ್ಯಾಹ್ನಕ್ಕೂ ಉಳಿಸುವುದಿದ್ದರೆ ಕಾಯಿ ಬೇಡ, ಬೇಗ ಹಳಸುತ್ತದೆ.

ಇಡ್ಲಿಗಿಂತ ಇದರಲ್ಲಿ ಒಂದು ಸುಖ ಇದೆ ನೋಡಿ. ಹುಳಿ ಬರುವುದಕ್ಕೆ ಕಾಯಬೇಕಾಗಿಲ್ಲ. ಚಳಿ ಇರಲಿ ಮಳೆ ಇರಲಿ, ಹಿಟ್ಟು ಉಬ್ಬಲಿಲ್ಲ ಅನ್ನುವ ರಗಳೆಯೇ ಇಲ್ಲ. ರಾತ್ರಿ ನೆನೆಹಾಕಿ ಮಲಗಿದರೆ ಆಯಿತು.

ಕಾಯಿಹಾಲಿಗೆ ನಾಲ್ಕು ಜನಕ್ಕೆ ಒಂದು ಬಲಿತ ತೆಂಗಿನಕಾಯಿ. ತುರಿದು, ಉಗುರು ಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಮೊದಲ ಹಾಲು ದಪ್ಪ, ಅದನ್ನು ಬೇರೆ ಇಡಿ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ರುಬ್ಬಿ ಎರಡನೇ ಹಾಲು ತೆಗೆಯಿರಿ. ಬೆಲ್ಲ ಕರಗಿಸುವುದು ಈ ಎರಡನೇ ಹಾಲಲ್ಲಿ. ಸೋಸಲೇಬೇಕು, ಬೆಲ್ಲದಲ್ಲಿ ಮಣ್ಣು ಕಲ್ಲು ಇದ್ದೇ ಇರುತ್ತದೆ. ಇಳಿಸಿ ಸ್ವಲ್ಪ ಆರಿದ ಮೇಲೆ ದಪ್ಪ ಹಾಲು, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ದಪ್ಪ ಹಾಲನ್ನು ಕುದಿಸಬೇಡಿ, ಒಡೆದು ಎಣ್ಣೆ ತೇಲುತ್ತದೆ. ಜೋನಿ ಬೆಲ್ಲ ಸಿಕ್ಕಿದರೆ ಕರಗಿಸುವ ಕೆಲಸವೂ ಇಲ್ಲ, ನೇರ ಬೆರೆಸಿ.

ಕುವೆಂಪುನಗರದವ:

ಅಕ್ಕ, ದೊಡ್ಡ ಉಪಕಾರ. ಅಮ್ಮನಿಗೆ ಓದಿ ಹೇಳಿದೆ. ‘ನಾನೂ ಅದನ್ನೇ ಅಲ್ವಾ ಹೇಳಿದ್ದು’ ಅಂದರು!

ಇವತ್ತು ನೀವು ಹೇಳಿದ ಹಾಗೇ ಮಾಡಿದೆ. ಹಿಡಿ ತಿರುಗಿತು. ಎಳೆ ಕೂಡ ಉದ್ದ ಬಂತು, ತಟ್ಟೆಯಲ್ಲಿ ಸುತ್ತಿಕೊಂಡು ಕೂತಿತು. ಕಾಯಿಹಾಲು ಹುಯ್ದುಕೊಂಡು ನಾನೊಬ್ಬನೇ ಎರಡು ತಟ್ಟೆ ಖಾಲಿ ಮಾಡಿದೆ. ಅವಳು ಕಾಯಿಹಾಲನ್ನು ಪಕ್ಕಕ್ಕಿಟ್ಟು ಶೇಂಗಾ ಚಟ್ನಿಪುಡಿ, ಎಣ್ಣೆ ಕಲಸಿಕೊಂಡು ತಿಂದಳು. ನೋಡಿ ಹೊಟ್ಟೆ ಉರಿಯಿತು, ಆದರೆ ರುಚಿ ನೋಡಿದರೆ ಚೆನ್ನಾಗಿಯೇ ಇತ್ತು.

ಈಗ ಬೇರೆ ತೊಂದರೆ. ಒಬ್ಬನೇ ಉಂಡೆ ತೆಗೆಯಬೇಕು, ತುಂಬಬೇಕು, ತಿರುಗಿಸಬೇಕು, ತಟ್ಟೆ ಹಿಡಿಯಬೇಕು. ಎರಡು ಕೈ ಸಾಲುವುದಿಲ್ಲ. ಒರಳು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ. ಇದಕ್ಕೇನಾದರೂ ಉಪಾಯ ಇದೆಯಾ? ಇನ್ನೊಂದು, ಅಕ್ಕಿ ಹಿಟ್ಟಿನಲ್ಲೇ ಮಾಡಬಹುದು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜವಾ?

ಕಾಫಿ ತೋಟ:

ನಾವು ಕೊಡಗಿನವರು. ನಮ್ಮಲ್ಲಿ ನೂಲ್‌ಪುಟ್ಟು. ಇಷ್ಟು ಹೊತ್ತು ಎಲ್ಲರೂ ಕಾಯಿಹಾಲು ಕಾಯಿಹಾಲು ಅನ್ನುತ್ತಿದ್ದೀರಿ, ಕೋಳಿ ಸಾರಿನ ಹೆಸರು ಒಬ್ಬರೂ ಎತ್ತಲಿಲ್ಲವಲ್ಲ! ಮಾಂಸ ತಿನ್ನುವವರಾದರೆ ಹಿಂದಿನ ರಾತ್ರಿಯೇ ಸಾರು ಮಾಡಿಟ್ಟುಬಿಡಿ. ಬೆಳಿಗ್ಗೆ ಬಿಸಿ ಮಾಡಿದರೆ ರುಚಿ ಇನ್ನೂ ಜಾಸ್ತಿ. ಕಾಯಿ ಅರೆದು ಹಾಕಿ, ಸ್ವಲ್ಪ ತೆಳ್ಳಗೇ ಇರಲಿ. ಗಟ್ಟಿ ಗೊಜ್ಜಿನ ಥರ ಇದ್ದರೆ ಎಳೆಯ ಒಳಗೆ ಇಳಿಯುವುದಿಲ್ಲ. ಕೊನೆಯಲ್ಲಿ ಉಳಿದ ಒಂದು ಹಿಡಿಗೆ ಬೆಲ್ಲದ ಕಾಯಿಹಾಲು. ಎರಡೂ ಬೇಕು, ಒಂದು ಬಿಟ್ಟು ಒಂದಲ್ಲ.

ಒಬ್ಬರೇ ಮಾಡುವುದಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಒರಳು ತೆಗೆದುಕೊಳ್ಳಿ. ನೆಲದ ಮೇಲೋ ಕಟ್ಟೆಯ ಮೇಲೋ ನಿಲ್ಲಿಸಿ, ಕೆಳಗೆ ತಟ್ಟೆ ಇಟ್ಟು ಮೇಲಿನ ಹಿಡಿ ತಿರುಗಿಸುತ್ತಾ ಹೋಗುವುದು. ಒರಳನ್ನು ಕೈಯಲ್ಲಿ ಎತ್ತಿ ಹಿಡಿಯುವ ಕೆಲಸವೇ ಇಲ್ಲ. ಕೊಳ್ಳುವಾಗ ಕಾಲುಗಳು ಅಲ್ಲಾಡುತ್ತವಾ ನೋಡಿ. ಒತ್ತುವ ಬಿಲ್ಲೆ ಕೊಳವೆಗೆ ಬಿಗಿಯಾಗಿ ಕೂರುತ್ತದಾ ಅನ್ನುವುದನ್ನೂ ನೋಡಿ. ಸಡಿಲವಿದ್ದರೆ ನೀವು ಹೇಳಿದ ಹಾಗೆ ಹಿಟ್ಟು ಪಕ್ಕದಿಂದ ಮೇಲಕ್ಕೆ ಬರುತ್ತದೆ.

ಪಡುವಣ ಗಾಳಿ:

ಮೇಲೆ ಅಕ್ಕ ಹಳೆಯ ದೋಸೆ ಅಕ್ಕಿ ಅಂದಿದ್ದಾರೆ. ನಮ್ಮ ಮಂಗಳೂರು ಕಡೆ ಕುಚ್ಚಲಕ್ಕಿಯಲ್ಲೂ ಮಾಡುತ್ತೇವೆ, ಎಳೆ ತುಂಡಾಗುವುದೇ ಇಲ್ಲ. ನೆನೆಯಲು ಹೊತ್ತು ಬೇಕು, ರುಬ್ಬಲು ಗ್ರೈಂಡರ್ ಬೇಕು, ಮಿಕ್ಸಿ ಬಿಸಿಯಾಗಿ ಸುಸ್ತಾಗುತ್ತದೆ. ಕಾಯಿ, ಬೆಲ್ಲದ ಹಾಲಿಗೆ ಕಳಿತ ಬಾಳೆಹಣ್ಣು ಹೆಚ್ಚಿ ಹಾಕಿ ರಸಾಯನ ಮಾಡಿ, ಅದರ ಜೊತೆ ತಿಂದು ನೋಡಿ. ಮಾವಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ಕಾಟು ಮಾವಿನಹಣ್ಣು ಹಿಚುಕಿ. ಅದಾದ ಮೇಲೆ ಮಧ್ಯಾಹ್ನ ಊಟ ಬೇಡವೇ ಬೇಡ.

ತುಂಗೆಯ ದಂಡೆ:

ಕುಚ್ಚಲಕ್ಕಿ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ, ಅವರವರ ಊರಿನ ರುಚಿ. ನನಗೆ ಅದರ ವಾಸನೆ ಕಾಯಿಹಾಲಿನ ಜೊತೆ ಸೇರುವುದಿಲ್ಲ. ಬಾಳೆಹಣ್ಣಿನ ರಸಾಯನಕ್ಕೆ ಮಾತ್ರ ನನ್ನದೂ ಒಂದು ಓಟು.

ಒಬ್ಬರೇ ಮಾಡುವುದಕ್ಕೆ ಸ್ಟ್ಯಾಂಡ್ ಒರಳೇ ಸರಿ. ಅದು ಬರುವ ತನಕ ಹೀಗೆ ಮಾಡಿ. ಒಂದು ಒಬ್ಬೆಗೆ ನಾಲ್ಕೇ ಉಂಡೆ ಬೇಯಿಸಿ, ಎಲ್ಲವನ್ನೂ ಒಟ್ಟಿಗೆ ಬೇಯಿಸಬೇಡಿ. ಉಳಿದ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಒರಳಿಗೆ ಹಳೆಯ ದಪ್ಪ ಟವೆಲ್ ಸುತ್ತಿ ಹಿಡಿದುಕೊಳ್ಳಿ. ಇನ್ನೂ ಒಳ್ಳೆಯ ಉಪಾಯ ಅಂದರೆ ಮನೆಯವರನ್ನು ಕರೆಯುವುದು. ಶ್ಯಾವಿಗೆ ಒಬ್ಬರ ತಿಂಡಿಯೇ ಅಲ್ಲ. ನಮ್ಮಲ್ಲಿ ಒತ್ತುವುದಕ್ಕೆ ಗಂಡಸರನ್ನು ಕೂಗುವುದು ರೂಢಿ, ವರ್ಷವೆಲ್ಲ ಅಡುಗೆಮನೆಗೆ ಕಾಲಿಡದವರೂ ಆವತ್ತು ಬರಲೇಬೇಕು. ನಿಮ್ಮನೆಯಲ್ಲಿ ಉಲ್ಟಾ ಆಗಿದೆ, ಅವರನ್ನು ನೀವು ಕೂಗಿ! ಚಟ್ನಿಪುಡಿಯ ಋಣಕ್ಕಾದರೂ ತಟ್ಟೆ ಹಿಡಿಯಲಿ. ಆ ಶೇಂಗಾಪುಡಿ ಉಪಾಯ ನಾನೂ ನೋಡುತ್ತೇನೆ. ನಾವು ಎಳ್ಳುಪುಡಿ ಬೆಲ್ಲ ಕಲಸುವುದುಂಟು, ಖಾರದ್ದು ಮಾಡಿಲ್ಲ.

ತಿನ್ನುವವರಿಗೂ ಮೊದಲೇ ಹೇಳಿಬಿಡಿ. ಎಲ್ಲ ಒತ್ತಿ ಮುಗಿಸಿ ಆಮೇಲೆ ಒಟ್ಟಿಗೆ ಕೂರೋಣ ಅಂದರೆ ಮೊದಲು ಒತ್ತಿದ್ದು ಗಟ್ಟಿಯಾಗಿರುತ್ತದೆ. ಒತ್ತಿದ್ದು ಒತ್ತಿದ ಹಾಗೇ ತಟ್ಟೆಗೆ ಬೀಳಬೇಕು. ಒತ್ತುವವರು ಕೊನೆಗೆ ತಿನ್ನುವುದು, ಅವರಿಗೆ ಕಾಯಿಹಾಲು ಎತ್ತಿಟ್ಟಿರಿ.

ಅಕ್ಕಿ ಹಿಟ್ಟಿನಲ್ಲಿ ಆಗುತ್ತದೆ. ನೀರಿಗೆ ಉಪ್ಪು, ಎಣ್ಣೆ ಹಾಕಿ ಕುದಿಸಿ, ಅಕ್ಕಿ ರೊಟ್ಟಿಗೆ ಮಾಡುವ ಹಾಗೆ ಹಿಟ್ಟು ಹಾಕಿ ತಿರುವಿ, ಬಿಸಿಯಲ್ಲೇ ನಾದಿ, ಉಂಡೆ ಕಟ್ಟಿ ಬೇಯಿಸಿ ಒತ್ತುವುದು. ರುಬ್ಬುವ ಕೆಲಸ ತಪ್ಪುತ್ತದೆ. ಎಳೆ ಸ್ವಲ್ಪ ಬಿರುಸು, ನನಗೆ ಅಷ್ಟು ಇಷ್ಟವಿಲ್ಲ. ಕೇರಳದವರು ಇಡಿಯಪ್ಪಕ್ಕೆ ಬಿಸಿನೀರಲ್ಲಿ ಕಲಸಿದ ಹಿಟ್ಟನ್ನು ಮೊದಲೇ ಇಡ್ಲಿ ತಟ್ಟೆಗೆ ಒತ್ತಿ, ಆಮೇಲೆ ಬೇಯಿಸುತ್ತಾರೆ. ಅದರಲ್ಲಿ ಬಿಸಿ ಉಂಡೆಯ ಜೊತೆ ಗುದ್ದಾಡುವುದು ಇಲ್ಲ. ಒಬ್ಬರೇ ಇದ್ದು ಕೈನೋವು ಇರುವವರಿಗೆ ಅದೇ ವಾಸಿ ಅಂತ ಒಪ್ಪಿಕೊಳ್ಳುತ್ತೇನೆ.

ಉಳಿದದ್ದಕ್ಕೆ ಸಂಜೆ ಒಗ್ಗರಣೆ ಹಾಕಿ. ಪೂರ್ತಿ ಆರಿದ ಮೇಲೇ ಕೈಯಲ್ಲಿ ಬಿಡಿಸಬೇಕು, ಬೆಚ್ಚಗಿರುವಾಗ ಬಿಡಿಸಿದರೆ ಮುದ್ದೆ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಬೀಜ, ಹಸಿಮೆಣಸು, ಕರಿಬೇವು, ಚಿಟಿಕೆ ಅರಿಸಿನ. ಒಲೆ ಆರಿಸಿ ನಿಂಬೆರಸ, ಕಾಯಿತುರಿ. ಕೆಲವು ಮಕ್ಕಳು ಇದಕ್ಕಾಗಿಯೇ ಬೆಳಿಗ್ಗೆ ಕಮ್ಮಿ ತಿನ್ನುತ್ತಾರೆ.

ಆಮೇಲೆ ಒರಳು ತೊಳೆಯುವುದು. ಕೊನೆಯ ಉಂಡೆ ಇಳಿದ ತಕ್ಷಣ ಬಿಲ್ಲೆ ಬಿಚ್ಚಿ ನೀರಿಗೆ ಹಾಕಿ, ತಿನ್ನಲು ಕೂರುವ ಮುಂಚೆಯೇ. ತೂತಿನೊಳಗೆ ಹಿಟ್ಟು ಒಣಗಿದರೆ ಅದು ಬಿಡುವುದಿಲ್ಲ. ಒಣಗಿಸಿಕೊಂಡುಬಿಟ್ಟರೆ ರಾತ್ರಿಯೆಲ್ಲ ನೆನೆಸಿ, ತೆಂಗಿನ ಪೊರಕೆಯ ಹೊಸ ಕಡ್ಡಿಯಲ್ಲಿ ಒಂದೊಂದೇ ತೂತು ಚುಚ್ಚಿ ತೆಗೆಯಿರಿ. ಹಿತ್ತಾಳೆಯದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದು, ಪೂರ್ತಿ ಒರೆಸಿ ಇಡಿ. ತಿರುಪಿನ ಹಲ್ಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಮುಂದಿನ ಸಲ ಹಿಡಿ ಸಲೀಸಾಗಿ ತಿರುಗುತ್ತದೆ.

ಏಳರ ಬಸ್ಸು:

ಪ್ಯಾಕೆಟ್ ಅಂದವನು ನಾನೇ. ಎಲ್ಲ ಓದಿದೆ. ಸ್ಟ್ಯಾಂಡ್ ಒರಳು ಹಿತ್ತಾಳೆಯದು ತೆಗೆದುಕೊಳ್ಳಲೋ ಸ್ಟೀಲಿನದೋ?

ಕಾಫಿ ತೋಟ:

ದಿನಾ ಮಾಡುವವರಲ್ಲದಿದ್ದರೆ ಸ್ಟೀಲ್. ಹಗುರ, ಕಿಲುಬು ಹಿಡಿಯುವುದಿಲ್ಲ. ಆದರೆ ತೆಳ್ಳಗಿನ ತಗಡಿನದು ಬೇಡ, ಒತ್ತುವಾಗ ಕಾಲು ಬಾಗುತ್ತದೆ.